ಬಿದ್ರಿ ತಟ್ಟೆ: ಕೊನೆಗೂ ಕುಳಿತ ‘ಸ್ತ್ರೀ’

ವಿಧಾನ ಪರಿಷತ್ತಿನಿಂದ ನಿವೃತ್ತರಾಗುತ್ತಿರುವ ನಮ್ಮ ಭಾಗದ ಸದಸ್ಯೆಯೊಬ್ಬರಿಗೆ ಬೀದರಿನ ಸ್ತ್ರೀಶಕ್ತಿ ಗುಂಪಿನವರು ಕೊಡಲಿರುವ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದ ತಟ್ಟೆ ನಿನ್ನೆ ರಾತ್ರಿ ಮುಗಿಯಿತು. ಎರಕ, ಅರ ಹಾಕುವುದು, ಮೈಲುತುತ್ತ ಬಳಿದು ನಕ್ಷೆ ಗೀರುವುದು ಎಂದಿನಂತೆಯೇ ನಡೆದವು. ಮೂರು ವಾರ ನನ್ನ ನಿದ್ದೆ ಕೆಡಿಸಿದ್ದು ಒಂದೇ ಒಂದು ಅಕ್ಷರ: ‘ಸ್ತ್ರೀ’.

ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಗಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿ ಪರ್ಷಿಯನ್ ಸಾಲು ಬರೆದವರಿಗೆ ಈ ಕಷ್ಟ ಇರಲಿಲ್ಲ. ಅವರ ಲಿಪಿ ಅಡ್ಡಕ್ಕೆ ಹರಿಯುತ್ತದೆ, ನಮ್ಮದು ಕೆಳಕ್ಕೆ ಬೇರು ಬಿಡುತ್ತದೆ. ಅರ್ಧ ಇಂಚಿನೊಳಗೆ ‘ಸ’, ತಲೆಯ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ, ಕೆಳಗೆ ತ ಒತ್ತು, ಅದಕ್ಕೆ ತಾಗಿಕೊಂಡೇ ರ ಒತ್ತು ಬರಬೇಕು. ಎರಡು ಒತ್ತುಗಳ ನಡುವೆ ಉಳಿಯುವ ಲೋಹದ ಗೋಡೆ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿದ ಈ ಲೋಹವೋ ಬಿಸ್ಕತ್ತಿನ ಸ್ವಭಾವದ್ದು. ಉಳಿಯ ಮೂರನೆಯ ಪೆಟ್ಟಿಗೆ ಗೋಡೆ ಉದುರಿತು.

ಎರಡನೆಯ ತಟ್ಟೆಗೆ ಇನ್ನೂ ಸಣ್ಣ ಬೆಳ್ಳಿ ತಂತಿ ತರಿಸಿದೆ. ಮೆದು ತಂತಿ ಕೇಳಿದವನಿಗೆ ಅಂಗಡಿಯವರು ಸ್ಪ್ರಿಂಗಿನಂಥದ್ದನ್ನು ಕಳುಹಿಸಿದ್ದರು, ತೂಕದಲ್ಲಿಯೂ ಕಡಿಮೆಯಿತ್ತು. ಕಾಯಿಸಿ ಮೆದುಗೊಳಿಸಿ ಹೇಗೋ ಕೂರಿಸಿದೆ. ಬಿಸಿ ತಟ್ಟೆಗೆ ಕೋಟೆ ಮಣ್ಣು ಮತ್ತು ನವಸಾಗರವೆಂಬ ಲವಣ ಹಚ್ಚಿದಾಗ ಬಂದ ಕಪ್ಪು ಕಾಡಿಗೆಯಂತಿತ್ತು. ಆದರೆ ಎಣ್ಣೆ ಸವರಿ ಒರೆಸಿದಾಗ ರ ಒತ್ತು ಬಟ್ಟೆಗೆ ಅಂಟಿಕೊಂಡು ಬಂದಿತು. ಕಾದಾಗ ಸತು ಬೆಳ್ಳಿಗಿಂತ ಹೆಚ್ಚು ಹಿಗ್ಗುತ್ತದೆ, ಆಗಲೇ ಹಿಡಿತ ಸಡಿಲವಾಗಿರಬೇಕು ಎಂಬುದು ನನ್ನ ಊಹೆ.

‘ಮಹಿಳಾ’ ಎಂದು ಬರೆದು ಕೈತೊಳೆದುಕೊಳ್ಳೋಣವೆಂದು ಗುಂಪಿನ ಅಧ್ಯಕ್ಷೆಯನ್ನು ಕೇಳಿದೆ. “ಅಣ್ಣಾರ, ನಮ್ಮ ಹೆಸರಾಗ ಇರೋದೇ ಸ್ತ್ರೀ. ಅದನ್ನ ತೆಗದ್ರ ಬ್ಯಾರೆಯವರು ಕೊಟ್ಟಂಗ ಆಗ್ತದ” ಎಂದುಬಿಟ್ಟರು. ತಟ್ಟೆ ಯಾರ ಕೈಗೆ ಹೋಗುವುದೆಂದು ನೆನೆದ ಮೇಲೆ ನನಗೂ ವಾದಿಸುವ ಧೈರ್ಯ ಬರಲಿಲ್ಲ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1982ರ ಕಾಯ್ದೆ ಕಾಗದದಲ್ಲಿಯೇ ಉಳಿಯಬಾರದೆಂದು ಸದನದಲ್ಲಿ ಮತ್ತೆ ಮತ್ತೆ ಎದ್ದು ನಿಂತವರು ಅವರು. ಒಂದು ಒತ್ತಕ್ಷರಕ್ಕೆ ನಾನು ಸೋತೆನೆಂದು ಅವರಿಗೆ ಹೇಗೆ ಹೇಳಲಿ?

ದಾರಿ ತಟ್ಟೆಯ ಅಂಚಿನಲ್ಲಿಯೇ ಇತ್ತು. ಅವರು ರಾಜಕೀಯಕ್ಕೆ ಬಂದದ್ದು ಗ್ರಾಮ ಪಂಚಾಯಿತಿಯಿಂದ. ರಾಜ್ಯದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ 2010ರಲ್ಲಿ ಶೇ. 50ಕ್ಕೆ ಏರಿದ ನೆನಪಿಗೆ ಅಂಚಿನ ಹದಿನಾರು ಹೂಗಳಲ್ಲಿ ಎಂಟನ್ನು ತಂತಿಯ ತಾರಕಶಿಯಲ್ಲಿ, ಎಂಟನ್ನು ಬೆಳ್ಳಿ ತಗಡಿನ ತೈನಿಶಾನಿನಲ್ಲಿ ಮಾಡಿದ್ದೆ. (ಇದು ಯಾರಿಗೂ ತಿಳಿಯುವುದಿಲ್ಲವೆಂದು ನನ್ನ ಹೆಂಡತಿ ಹೇಳುತ್ತಾಳೆ, ಈಗ ನಿಮಗೆ ತಿಳಿಯಿತಲ್ಲ.) ಅದೇ ಬಿಸಿ, ಅದೇ ಮಣ್ಣು ಕಂಡಿದ್ದರೂ ತಗಡಿನ ಹೂವಿನ ಒಂದು ಎಸಳೂ ಅಲುಗಿರಲಿಲ್ಲ.

ಹಾಗಾಗಿ ಮೂರನೆಯ ತಟ್ಟೆಯಲ್ಲಿ ‘ಸ್ತ್ರೀ’ಯನ್ನು ಗುಡಿಸಿನಿಂದ ರ ಒತ್ತಿನವರೆಗೆ ಒಂದೇ ತಗಡಿನಲ್ಲಿ ಕತ್ತರಿಸಿದೆ. ತ ಒತ್ತಿನ ಬಾಲವನ್ನು ರ ಒತ್ತಿನ ತಲೆಗೆ ಬೆಸೆದೆ, ಹೀಗಾಗಿ ಉದುರಬೇಕಾದ ಗೋಡೆಯೇ ಇಲ್ಲವಾಯಿತು. ಗುಂಡಿಯ ಅಂಚನ್ನು ಒಳಮುಖವಾಗಿ ಕೊರೆದು ತಗಡನ್ನು ಒತ್ತಿ ಸುತ್ತ ಬಡಿದೆ. ಅಕ್ಷರ ತುಸು ದಪ್ಪವಾಗಿದೆ, ಅಕ್ಷರ ವಿನ್ಯಾಸದ ಪಂಡಿತರು ಕ್ಷಮಿಸಬೇಕು.

ಪರಿಷತ್ತಿನಲ್ಲಿ ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ಸದಸ್ಯರು ನಿವೃತ್ತರಾಗುವುದರಿಂದ ಇಂಥ ಕೆಲಸ ಮತ್ತೆ ಬರುವುದು ಖಚಿತ. ಅಷ್ಟರಲ್ಲಿ ಎಲ್ಲ ಒತ್ತಕ್ಷರಗಳ ತಗಡಿನ ಅಚ್ಚು ಮಾಡಿಟ್ಟುಕೊಳ್ಳುವ ಯೋಜನೆಯಿದೆ; ಮೊದಲ ಸರದಿ ‘ರಾಷ್ಟ್ರ’ದ್ದು.

ಇಂದು ಬೆಳಿಗ್ಗೆ ಅಧ್ಯಕ್ಷೆ ಬಂದು ಅಕ್ಷರವನ್ನು ಹೆಬ್ಬೆರಳ ಉಗುರಿನಿಂದ ಎರಡು ಸಲ ಕೆರೆದು ನೋಡಿದರು. ಆಮೇಲೆ ತಟ್ಟೆ ಮಗುಚಿ, ಹಿಂಬದಿಯಲ್ಲಿ ‘ಬೀಳ್ಕೊಡುಗೆ’ ಎಂದೂ ಬೆಳ್ಳಿಯಲ್ಲಿ ಬರೆಯಲಾದೀತೇ ಎಂದು ಕೇಳಿದರು.