ಬಾಟಲಿಯ ಟಾನಿಕ್, ಬೆಳ್ಳುಳ್ಳಿ ಮತ್ತು ಕುರುಡಿ ಮೀನು

ಕಾರವಾರ, ಬುಧವಾರ, 12 ಫೆಬ್ರವರಿ 2025

ಕಾಳಿ ಹೊಳೆಯಲ್ಲಿ ನಾನು ಮೀನು ಸಾಕುವ ಪಂಜರದ ಹತ್ತಿರ ಇವತ್ತು ಟಾನಿಕ್ ಮಾರುವವನೊಬ್ಬ ಬಂದಿದ್ದ. ಗಿಡಮೂಲಿಕೆಯದ್ದಂತೆ. ಮೀನಿನ ಫೀಡಿಗೆ ಬೆರೆಸಿದರೆ ಕುರುಡಿ (ಸೀಬಾಸ್ ಮೀನು) ಬೇಗ ಬೆಳೆಯುತ್ತದಂತೆ, ರೋಗ ಹತ್ತಿರವೂ ಸುಳಿಯುವುದಿಲ್ಲವಂತೆ. ಒಳಗೆ ಯಾವ ಗಿಡ ಇದೆ, ಎಷ್ಟಿದೆ ಎಂದು ಕೇಳಿದೆ. “ಎಲ್ಲಾ ನ್ಯಾಚುರಲ್ ಸರ್” ಎಂದ. ಬಾಟಲಿ ಮೇಲೂ ಅಷ್ಟೇ ಇತ್ತು. ಬೇಡ ಅಂದೆ.

ಪಕ್ಕದ ಪಂಜರದ ಅಣ್ಣನಿಗೆ ಇದು ಸರಿ ಕಾಣಲಿಲ್ಲ. “ಫೀಡಿಗೆ ಬೆಳ್ಳುಳ್ಳಿ ಹಾಕುವವನು ನೀನೇ ಅಲ್ವಾ?”

ಹೌದು, ಹಾಕುತ್ತೇನೆ. ಆದರೆ ಏನು ಹಾಕುತ್ತಿದ್ದೇನೆ ಅಂತ ಗೊತ್ತಿದೆ. ಬೆಳ್ಳುಳ್ಳಿಯ ಘಾಟಿನ ಅಂಶವಾದ ಅಲಿಸಿನ್ ಹುಟ್ಟುವುದೇ ಜಜ್ಜಿದ ಮೇಲೆ. ಜಜ್ಜಿದ ತಕ್ಷಣ ಬಿಸಿ ಮಾಡಿದರೆ ಅದನ್ನು ಹುಟ್ಟಿಸುವ ಕಿಣ್ವವೇ ಕೆಡುತ್ತದೆ. ಹಾಗಾಗಿ ಜಜ್ಜಿ ಹತ್ತು ನಿಮಿಷ ಸುಮ್ನೆ ಬಿಡಬೇಕು. 10 ಕೆಜಿ ಫೀಡಿನ ಕಾಳು, ಅಂದರೆ ಪೆಲೆಟ್‌ಗೆ ನಾನು ಹಾಕುವುದು 100 ಗ್ರಾಂ. ಜೊತೆಗೆ ಶಿರಸಿಯ ಅತ್ತೆ ಕಳಿಸುವ ಅರಿಶಿನ ಪುಡಿ ಸ್ವಲ್ಪ. ಅದರ ಹಳದಿ ಅಂಶ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ ಬೇಕು. ಎರಡನ್ನೂ ಮೀನೆಣ್ಣೆಯಲ್ಲಿ ಕಲಸಿ, ಪೆಲೆಟ್‌ಗೆ ಸವರಿ, ನೆರಳಲ್ಲಿ ಒಣಗಿಸುತ್ತೇನೆ. ಎಣ್ಣೆ ಹಿಡಿದುಕೊಂಡಿದ್ದರೆ ನೀರಿಗೆ ಬಿದ್ದ ಕೂಡಲೇ ಪುಡಿ ತೊಳೆದು ಹೋಗುವುದೂ ಕಡಿಮೆ. (ಮಸಾಲೆ ಹಚ್ಚಿದ್ದು ಬೇಗ ಆಯ್ತು, ಮೀನು ಇನ್ನೂ ಈಜ್ತಾ ಇದೆ ಅಂತ ಮನೆಯವಳ ತಮಾಷೆ.)

ಬೆಳ್ಳುಳ್ಳಿ ತಿಂದ ಮೀನಿನ ತೂಕ, ರೋಗ ತಡೆಯುವ ಶಕ್ತಿ ಹೆಚ್ಚಿದ್ದು ತಿಲಾಪಿಯಾ, ರೋಹು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಹೆಚ್ಚಿನವು ತೊಟ್ಟಿಯಲ್ಲಿ, ಕೆಲವೇ ವಾರ ಮಾಡಿದವು. ಉಬ್ಬರ ಇಳಿತದ ಹೊಳೆಯ ಕಥೆ ಬೇರೆ. ಮೇಲಾಗಿ ಕುರುಡಿ ಮಾಂಸಾಹಾರಿ. ತಿಲಾಪಿಯಾ ಅರಗಿಸಿದ ಹಾಗೆ ಗಿಡದ ಪದಾರ್ಥ ಅರಗಿಸುವುದಿಲ್ಲ. ಗಿಡದ ಪುಡಿ ಜಾಸ್ತಿಯಾದರೆ ಅದರ ಟ್ಯಾನಿನ್, ಸಪೋನಿನ್ ಎಂಬ ಸಸ್ಯ ರಾಸಾಯನಿಕ‌ಗಳೇ ಬೆಳವಣಿಗೆ ಕುಗ್ಗಿಸುತ್ತವೆ. ಬೇವು ಅತಿಯಾದರಂತೂ ಮೀನಿಗೆ ವಿಷ. ಯಾವ ಗಿಡ, ಎಷ್ಟು ಎಂದು ಕೇಳಿದ್ದು ಅದಕ್ಕೇ.

ಇನ್ನೊಂದು ಅನುಮಾನವನ್ನು ಟಾನಿಕ್ ಮಾರುವವನ ಮುಂದೆ ಆಡಲಿಲ್ಲ. ಒಳಗೇನಿದೆ ಎಂದು ಹೇಳದ ಬಾಟಲಿಯಲ್ಲಿ ಆಂಟಿಬಯೋಟಿಕ್ ಇದ್ದರೆ? ಕ್ಲೋರಂಫೆನಿಕಾಲ್, ನೈಟ್ರೋಫ್ಯುರಾನ್ ಎಂಬ ಆಂಟಿಬಯೋಟಿಕ್‌ಗಳನ್ನು ಮೀನು ಸಾಕಣೆಯಲ್ಲಿ ಬಳಸುವಂತೆಯೇ ಇಲ್ಲ.

ಬೆಳ್ಳುಳ್ಳಿಯಿಂದ ನಿಜಕ್ಕೂ ಎಷ್ಟು ಲಾಭ ಅಂತ ತೂಗಿಯೇ ನೋಡಬೇಕು. ಮುಂದಿನ ಸಲ ಒಂದೇ ಕಡೆಯ ಮರಿ ತಂದು, ಒಂದು ಪಂಜರಕ್ಕೆ ಬೆಳ್ಳುಳ್ಳಿ ಫೀಡ್, ಇನ್ನೊಂದಕ್ಕೆ ಬರೀ ಫೀಡ್. ಬರೀ ಫೀಡಿನ ಪಂಜರ ತನ್ನದಾಗಲಿ ಎಂದು ಅಣ್ಣ ಒಪ್ಪಿದ್ದಾನೆ. ನನ್ನ ಮೀನೇ ಜಾಸ್ತಿ ತೂಗಿದರೆ ವ್ಯತ್ಯಾಸದ ದುಡ್ಡು ನಾನು ಅವನಿಗೆ ಕೊಡಬೇಕಂತೆ.