ಕಾಲೇಜ್ ಫುಟ್‌ಬಾಲ್ 25: ಗದ್ದಲದಲ್ಲಿ ಗೆದ್ದದ್ದು, ಲೈನಿನಲ್ಲಿ ಎಡವಿದ್ದು

ಅಮೆರಿಕದವರ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಲ್ಲಿನ ಕಾಲೇಜ್ ಫುಟ್‌ಬಾಲಿನ ವಿಡಿಯೊ ಗೇಮುಗಳು 2013ರ ಜುಲೈನಲ್ಲಿ ಬಂದ ಎನ್‌ಸಿಎಎ ಫುಟ್‌ಬಾಲ್ 14ಕ್ಕೇ ನಿಂತುಬಿಟ್ಟಿದ್ದವು. ಆಟಗಾರರ ಚಹರೆ ಬಳಸಿಕೊಂಡು ಅವರಿಗೆ ಒಂದು ಕಾಸೂ ಕೊಡದ ವಿಷಯ ಕೋರ್ಟಿನಲ್ಲಿತ್ತು. 2021ರಲ್ಲಿ ಕಾಲೇಜ್ ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು ಎಂದಾದ ಮೇಲೆ ದಾರಿ ಸುಗಮವಾಯಿತು. 2024ರ ಜುಲೈ 19ಕ್ಕೆ ಇಎ ಸ್ಪೋರ್ಟ್ಸ್ ಕಂಪನಿ ಹೊಸದಾಗಿ ಕಾಲೇಜ್ ಫುಟ್‌ಬಾಲ್ 25 ತಂದಿತು. ಹೆಸರು, ಚಹರೆ ಬಳಸಲು ಒಪ್ಪಿಕೊಂಡ ಆಟಗಾರರಿಗೆ ತಲಾ 600 ಡಾಲರ್, ಜೊತೆಗೊಂದು ಗೇಮ್. ಒಟ್ಟು 134 ತಂಡಗಳು. ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ ಬಂದಿದೆ. ಪಿಸಿಗೆ ಇಲ್ಲ, ಹಾಗಾಗಿ ಲ್ಯಾಪ್‌ಟಾಪಿನಲ್ಲೇ ಗೇಮ್ ಆಡುವ ನಮ್ಮವರಿಗೆ ಇದು ಸುಲಭಕ್ಕೆ ಸಿಗುವಂಥದ್ದಲ್ಲ.

ಈ ಗೇಮಿನ ದೊಡ್ಡ ಗೆಲುವು ಸ್ಟೇಡಿಯಂ. ಇದೇ ಕಂಪನಿಯ ವೃತ್ತಿಪರ ಫುಟ್‌ಬಾಲ್ ಗೇಮ್ ಮ್ಯಾಡನ್‌ನಲ್ಲಿ ಪ್ರೇಕ್ಷಕರು ಹಿನ್ನೆಲೆ ಸದ್ದು ಅಷ್ಟೇ. ಇಲ್ಲಿ ಅವರೇ ಎದುರಾಳಿ ತಂಡದ ಹನ್ನೆರಡನೆಯ ಆಟಗಾರ. ಆಡಲು ಅತಿ ಕಷ್ಟದ ಮೈದಾನಗಳ ಪಟ್ಟಿಯಲ್ಲಿ ಮೊದಲನೆಯದು ಟೆಕ್ಸಸ್ ಎ ಆ್ಯಂಡ್ ಎಮ್‌ನ ಕೈಲ್ ಫೀಲ್ಡ್. ಹತ್ತು ಗಜ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ, ಒಂದೊಂದೂ ಒಂದು ಡೌನ್. ಅಲ್ಲಿಗೆ ಹೋಗಿ ಮೂರನೇ ಡೌನಿನಲ್ಲಿ ಪ್ಲೇ (ಆರಿಸಿಕೊಂಡ ತಂತ್ರ) ನೋಡಲು ಹೊರಟರೆ ರೂಟಿನ (ಆಟಗಾರ ಓಡುವ ದಾರಿಯ) ಗೆರೆಗಳು ಸೊಟ್ಟಂಬಟ್ಟ ಕುಣಿಯುತ್ತವೆ, ಎಸೆದ ಚೆಂಡು ಹಿಡಿಯುವ ರಿಸೀವರ್ ತಲೆಯ ಮೇಲಿನ ಬಟನ್ ಗುರುತು ಮಸುಕಾಗುತ್ತದೆ. ಕೊನೆ ಗಳಿಗೆಯಲ್ಲಿ ದಾರಿ ಬದಲಿಸುವ ಹಾಟ್ ರೂಟ್ ಕೊಟ್ಟರೆ ಅದು ರಿಸೀವರಿಗೆ ಸರಿಯಾಗಿ ಕೇಳಿಸಿಯೇ ಇರುವುದಿಲ್ಲ. ಹೊಸ ಹುಡುಗ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಆಗಿದ್ದರಂತೂ ಇನ್ನೂ ಕಷ್ಟ. ಉಪಾಯ ಇಷ್ಟೇ: ಅಂಥ ಕಡೆ ಸ್ನ್ಯಾಪಿಗೆ, ಅಂದರೆ ಚೆಂಡು ಆಟಕ್ಕೆ ಬರುವುದಕ್ಕೆ ಮೊದಲು ಏನನ್ನೂ ಬದಲಿಸಬೇಡಿ. ರೂಟುಗಳು ಬಾಯಿಪಾಠವಾಗಿರುವ ನಾಲ್ಕೈದು ಪ್ಲೇ ಇಟ್ಟುಕೊಳ್ಳಿ, ಮೊದಲ ಎರಡು ಡೌನಿನಲ್ಲಿ ಚೆಂಡು ಎಸೆಯದೆ ಓಡಿಸಿ. ಮೂರನೇ ಡೌನಿಗೆ ಎರಡು-ಮೂರು ಗಜ ಮಾತ್ರ ಉಳಿದರೆ ಗದ್ದಲದ ಪೆಟ್ಟು ಅರ್ಧ ಇಳಿಯುತ್ತದೆ.

ಎರಡನೆಯ ಬಲ ಆಪ್ಷನ್ ಆಟ, ಅಂದರೆ ಚೆಂಡು ಕೊಡುವುದೋ ಇಟ್ಟುಕೊಳ್ಳುವುದೋ ಎಂದು ಕ್ವಾರ್ಟರ್‌ಬ್ಯಾಕ್ ಆ ಕ್ಷಣದಲ್ಲೇ ನಿರ್ಧರಿಸುವುದು. ರೀಡ್ ಆಪ್ಷನ್‌ನಲ್ಲಿ ಎದುರಾಳಿಯ ಒಬ್ಬ ಡಿಫೆಂಡರ್ ಮೇಲೆ ‘ಆರ್’ ಗುರುತು ಇರುತ್ತದೆ. ಸ್ನ್ಯಾಪ್ ಆದ ಕೂಡಲೇ ಕಣ್ಣು ಅವನ ಮೇಲಿರಲಿ, ಚೆಂಡಿನ ಮೇಲಲ್ಲ. ಅವನು ಹೊರಗೇ ನಿಂತರೆ ಪಿಎಸ್5ನಲ್ಲಿ ಎಕ್ಸ್ ಬಟನ್ ಒತ್ತಿ ಹಿಡಿಯಿರಿ, ಚೆಂಡು ಹಿಡಿದು ಓಡುವವನ, ಅಂದರೆ ರನ್ನಿಂಗ್ ಬ್ಯಾಕ್ ಕೈಗೆ ಅದು ಹೋಗುತ್ತದೆ. ಅವನು ಒಳಗೆ ನುಗ್ಗಿದರೆ ಏನೂ ಒತ್ತಬೇಡಿ, ಕ್ವಾರ್ಟರ್‌ಬ್ಯಾಕೇ ಇಟ್ಟುಕೊಂಡು ಓಡುತ್ತಾನೆ. ಹೊಸಬರು ಸ್ನ್ಯಾಪಿಗೆ ಮೊದಲೇ ಮನಸ್ಸಿನಲ್ಲಿ ನಿರ್ಧರಿಸಿ ಕೆಡುತ್ತಾರೆ. ಇನ್ನೊಂದು ವಿಷಯ, ಈ ಗೇಮಿನಲ್ಲಿ ಪೆಟ್ಟುಗಳು ಲೆಕ್ಕಕ್ಕೆ ಸೇರುತ್ತವೆ. ಕ್ವಾರ್ಟರ್‌ಬ್ಯಾಕ್ ಪದೇಪದೇ ಟ್ಯಾಕಲ್ ಆಗುತ್ತಿದ್ದರೆ ಮ್ಯಾಚ್ ಮುಗಿಯುವ ಹೊತ್ತಿಗೆ ಅವನ ಬಲ ಕುಂದಿರುತ್ತದೆ. ಐದಾರು ಗಜ ಸಿಕ್ಕಿತೋ, ಚೌಕದ ಬಟನ್ ಒತ್ತಿ ಜಾರಿಸಿ ಕೂರಿಸಿ.

ಆದರೆ ಈ ಗೇಮಿಗೆ ದುಡ್ಡು ಕೊಡಬೇಕಾದದ್ದು ಡೈನಾಸ್ಟಿಗಾಗಿ. 30 ಸೀಸನ್ ತನಕ ಕೋಚ್ ಆಗಿ ತಂಡ ಕಟ್ಟುವ ಮೋಡ್ ಇದು, ಆನ್‌ಲೈನಿನಲ್ಲಿ 32 ಜನ ಸೇರಬಹುದು. ರೆಕ್ರೂಟಿಂಗ್ ಬೋರ್ಡಿನಲ್ಲಿ (ಕಾಲೇಜಿಗೆ ಸೆಳೆಯಬೇಕಾದವರ ಪಟ್ಟಿಯಲ್ಲಿ) 35 ಹುಡುಗರಿಗೆ ಜಾಗ, ತಂಡದ ರೋಸ್ಟರಿನಲ್ಲಿ 85. ಪ್ರತಿ ವಾರ ಸಿಗುವ ಗಂಟೆಗಳೇ ಇಲ್ಲಿ ರೊಕ್ಕ, ಶುರುವಿನಲ್ಲಿ ಒಬ್ಬ ಹುಡುಗನ ಮೇಲೆ ವಾರಕ್ಕೆ 50 ಗಂಟೆಗಿಂತ ಹೆಚ್ಚು ಹಾಕುವಂತಿಲ್ಲ. ಮೆಸೇಜ್ ಮಾಡಲು 10, ಮನೆಯವರನ್ನು ಸ್ನೇಹಿತರನ್ನು ಮಾತಾಡಿಸಲು 25, ಎಲ್ಲವನ್ನೂ ಒಟ್ಟಿಗೆ ಸುರಿಯಲು 50. ಹುಡುಗ ತನ್ನ ಪಟ್ಟಿಯನ್ನು ಐದು ಕಾಲೇಜಿಗೆ ಇಳಿಸಿದ ಮೇಲೆ ನಿಮ್ಮ ಕಾಲೇಜಿನ ಗುಣ ಹೇಳಿ ಒಲಿಸುವ 40 ಗಂಟೆಯ ಹಾರ್ಡ್ ಸೆಲ್ ತೆರೆಯುತ್ತದೆ. ಅದಕ್ಕೆ 10ರ ಮೆಸೇಜ್ ಸೇರಿಸಿದರೆ 50 ಭರ್ತಿ. ಲೆಕ್ಕ ತಪ್ಪುವುದು ಇಲ್ಲೇ: ಹಾರ್ಡ್ ಸೆಲ್‌ನ ಮೂರು ಅಂಶಗಳು ಹುಡುಗನ ಆಸೆಗೆ ಹೊಂದಿದರೆ ಮಾತ್ರ ಅದಕ್ಕೆ ಬೆಲೆ. ಬೇಗ ಮೈದಾನಕ್ಕಿಳಿಯುವುದು, ಮನೆಗೆ ಹತ್ತಿರವಿರುವುದು ಎಂದು ಬಯಸುವವನ ಮುಂದೆ ನಿಮ್ಮ ಹಳೆಯ ಕಪ್‌ಗಳ ಪಟ್ಟಿ ಓದಿದರೆ 40 ಗಂಟೆ ನೀರಿನಲ್ಲಿ ಹೋಮ. ಅಂಥವನಿಗೆ 50 ಪೂರ್ತಿ ಸುರಿಯುವುದೇ ವಾಸಿ. ಜೊತೆಗೆ ಅವನ ಡೀಲ್‌ಬ್ರೇಕರ್ (ಅವನು ಬಿಟ್ಟುಕೊಡದ ಬೇಡಿಕೆ) ಏನೆಂದು ಮೊದಲೇ ನೋಡಿ. ಆ ವಿಷಯದಲ್ಲಿ ನಿಮ್ಮ ಗ್ರೇಡ್ ಕಮ್ಮಿ ಇದ್ದರೆ ಎಷ್ಟು ಗಂಟೆ ಹಾಕಿದರೂ ಬಾಗಿಲು ಮುಚ್ಚಿಯೇ ಇರುತ್ತದೆ. ಹುಡುಗನ ನಿಜವಾದ ಬಲ ತೋರಿಸುವ ಸ್ಕೌಟಿಂಗ್ ಬಿಡಬೇಡಿ. ಹಸಿರು ಹರಳು (ಸ್ಟಾರಿಗಿಂತ ಒಳ್ಳೆಯವನೆಂಬ ಗುರುತು) ಬಿದ್ದ ಮೂರು ಸ್ಟಾರ್ ಹುಡುಗ ಸುಳ್ಳು ನಾಲ್ಕು ಸ್ಟಾರಿಗಿಂತ ಮೇಲು.

ಇನ್ನು ಹುಳುಕು. ಕ್ವಾರ್ಟರ್‌ಬ್ಯಾಕನ್ನು ಕಾಯುವ ಆಫೆನ್ಸಿವ್ ಲೈನಿನ ಬುದ್ಧಿ ಕೈಕೊಡುತ್ತದೆ. ಇಬ್ಬರು ಸೇರಿ ಒಬ್ಬನನ್ನು ತಡೆಯುತ್ತಿರುವಾಗ ಪಕ್ಕದಲ್ಲೇ ಬ್ಲಿಟ್ಜ್ ಮಾಡುವವನು (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಎದುರಾಳಿ) ಯಾರ ಕೈಗೂ ಸಿಗದೆ ಒಳಗೆ ಬರುತ್ತಾನೆ. ರನ್ನಿಂಗ್ ಬ್ಯಾಕನ್ನು ಬ್ಲಾಕಿಂಗಿಗೆ ಉಳಿಸಿಕೊಳ್ಳುವುದೇ ಸದ್ಯದ ಮದ್ದು, ಅಂದರೆ ಒಬ್ಬ ರಿಸೀವರ್ ಕಮ್ಮಿ. ಬೆನ್ನು ತಿರುಗಿಸಿ ಓಡುತ್ತಿದ್ದ ಎದುರಾಳಿ ಲೈನ್‌ಬ್ಯಾಕರ್ (ನಡುವೆ ಕಾಯುವ ಡಿಫೆಂಡರ್) ಹಾರಿ ಚೆಂಡು ಹಿಡಿಯುವುದು ಇನ್ನೂ ಸಿಟ್ಟು ತರಿಸುವ ವಿಷಯ. ಮೈದಾನದ ನಡುಭಾಗಕ್ಕೆ ಬಟನ್ ಒತ್ತಿಹಿಡಿದು ಬುಲೆಟ್‌ನಂತೆ ನೇರವಾಗಿ, ಜೋರಾಗಿ ಎಸೆದರೆ ಇದೇ ಗತಿ, ಅವನ ತಲೆಯ ಮೇಲಿಂದ ಹೋಗುವ ಹಾಗೆ ಮೆತ್ತಗೆ ಎಸೆಯಬೇಕು. ವಾರ್ಸಿಟಿಯಿಂದ ಆಲ್-ಅಮೆರಿಕನ್ ಮಟ್ಟಕ್ಕೆ ಹೋದಾಗ ಕಷ್ಟ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ, ಒಮ್ಮೆಲೇ ಗೋಡೆ. ನಡುವಿನ ಮಟ್ಟ ಬೇಕಾದವರು ಆಲ್-ಅಮೆರಿಕನ್ ಇಟ್ಟುಕೊಂಡು ಸ್ಲೈಡರಿನಲ್ಲಿ ತಮ್ಮ ಕಡೆಯ ಪಾಸ್ ಬ್ಲಾಕಿಂಗ್ ಏರಿಸಬೇಕು. ಒಂದೊಂದೇ ಸ್ಲೈಡರ್ ಮುಟ್ಟಿ, ಎರಡು ಮ್ಯಾಚ್ ಆಡಿ ನೋಡಿ. ನಾಲ್ಕನ್ನು ಒಟ್ಟಿಗೆ ಎಳೆದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಒಬ್ಬ ಆಟಗಾರನಾಗಿ ಆಡುವ ರೋಡ್ ಟು ಗ್ಲೋರಿ ತೆಳು. ಐದೇ ಸ್ಥಾನಗಳು, ಹೈಸ್ಕೂಲ್ ಭಾಗವೂ ಇಲ್ಲ. ಹೈಸ್ಕೂಲ್ ಭಾಗ 2025ರ ಜುಲೈನಲ್ಲಿ ಬಂದ ಕಾಲೇಜ್ ಫುಟ್‌ಬಾಲ್ 26ಕ್ಕೆ ಸೇರಿತು, ನಿಜವಾದ ಕೋಚ್‌ಗಳೂ ಅದರಲ್ಲೇ ಬಂದರು. ಅಲ್ಟಿಮೇಟ್ ಟೀಮ್ ಎಂಬ ಕಾರ್ಡ್ ಪ್ಯಾಕುಗಳ ಅಂಗಡಿಗೆ ಜೇಬು ತೆರೆಯುವ ಅಗತ್ಯವೇ ಇಲ್ಲ. ದೂರದ ಗೆಳೆಯರೊಂದಿಗೆ ಡೈನಾಸ್ಟಿ ಆಡುವ ಯೋಚನೆ ಇದ್ದರೆ ಮಾತ್ರ ಮೊದಲೇ ಕೇಳಿಕೊಳ್ಳಿ: ಪಿಎಸ್5ನವರೂ ಎಕ್ಸ್‌ಬಾಕ್ಸಿನವರೂ ಒಂದೇ ಡೈನಾಸ್ಟಿಯಲ್ಲಿ ಸೇರಲು 25ರಲ್ಲಿ ಆಗುವುದಿಲ್ಲ.