ಆಪ್ತಸಲಹೆಯಲ್ಲಿ ಸಲಹೆ ಎಷ್ಟು?

ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ಆಪ್ತಸಲಹೆ, ಆಪ್ತಸಮಾಲೋಚನೆ ಎಂಬ ಎರಡು ಮಾತುಗಳು ರೂಢಿಯಲ್ಲಿವೆ. ಮೊದಲನೆಯದನ್ನು ಕೇಳಿದವರು ಬುದ್ಧಿ ಹೇಳುವ ಹಿರಿಯರೊಬ್ಬರನ್ನು ನಿರೀಕ್ಷಿಸುತ್ತಾರೆ. ನಮ್ಮ ಮನೆಯವರೂ ಹಾಗೆಯೇ ನಿರೀಕ್ಷಿಸಿದ್ದರು. ನನ್ನ ತಂಗಿಗೆ ಕೈತೊಳೆಯುವ ಗೀಳು ಹತ್ತಿದಾಗ ನಾವು ಮೊದಲು ಕಂಡ ಆಪ್ತಸಲಹೆಗಾರರು ಸಜ್ಜನರು. ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಪ್ರತಿ ಭೇಟಿಯಲ್ಲೂ "ಏನೂ ಆಗುವುದಿಲ್ಲಮ್ಮ" ಎಂದು ಧೈರ್ಯ ತುಂಬುತ್ತಿದ್ದರು. ಆದರೂ ಏಳೆಂಟು ತಿಂಗಳಲ್ಲಿ ಅವಳ ಕೈಯ ಚರ್ಮ ಇನ್ನಷ್ಟು ಬಿರಿಯಿತೇ ಹೊರತು ಗೀಳು ಕಡಿಮೆಯಾಗಲಿಲ್ಲ. ಚಿಕಿತ್ಸಾ ವಿಧಾನಗಳ ನಡುವಿನ ವ್ಯತ್ಯಾಸವನ್ನು ನಾನು ಓದಿ ತಿಳಿಯಲು ಹೊರಟದ್ದು ಆಗ.

ಕೇಳಿಸಿಕೊಳ್ಳುವುದನ್ನೇ ಚಿಕಿತ್ಸೆಯ ನಡುಗಂಬವಾಗಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ಚಿಕಿತ್ಸಕರ ಪ್ರಾಮಾಣಿಕತೆ, ಷರತ್ತಿಲ್ಲದ ಸ್ವೀಕಾರ ಮತ್ತು ಎದುರಿನವರ ಅನುಭವವನ್ನು ಅವರ ಕಣ್ಣಿನಿಂದಲೇ ಕಾಣುವ ಸಹಾನುಭೂತಿ ಬದಲಾವಣೆಗೆ ಅಗತ್ಯವೆಂದು ಅವರು 1957ರ ಲೇಖನವೊಂದರಲ್ಲಿ ವಾದಿಸಿದರು. "ಅಪ್ಪ ಹೋದ ಮೇಲೆ ಊರಿಗೆ ಹೋಗಲು ಮನಸ್ಸೇ ಬರುವುದಿಲ್ಲ" ಎಂದವರಿಗೆ ಈ ಪಂಥದವರು ಸಮಾಧಾನ ಹೇಳುವುದಿಲ್ಲ. "ಅಲ್ಲಿ ಅವರಿಲ್ಲದ್ದನ್ನು ಮತ್ತೆ ಮತ್ತೆ ಎದುರಿಸಬೇಕಾಗುತ್ತದೆ" ಎಂದು ಆ ಭಾವವನ್ನೇ ಮೆಲ್ಲಗೆ ಹಿಂದಿರುಗಿಸುತ್ತಾರೆ. ದುಃಖದಲ್ಲಿರುವವರಿಗೆ ಇದಕ್ಕಿಂತ ಹಿತವಾದ ವಿಧಾನ ನನಗೆ ತಿಳಿದಿಲ್ಲ.

ಅಮೆರಿಕದವರೇ ಆದ ಮನೋವೈದ್ಯ ಆರನ್ ಬೆಕ್ ಅವರ ದಾರಿ ಬೇರೆ. ಫ್ರಾಯ್ಡ್ ಆರಂಭಿಸಿದ ಮನೋವಿಶ್ಲೇಷಣೆಯಲ್ಲಿ ತರಬೇತಾದ ಅವರು, ಖಿನ್ನತೆಯೆಂದರೆ ತನ್ನ ಮೇಲೆಯೇ ತಿರುಗಿದ ಕೋಪ ಎಂಬ ಆ ಪಂಥದ ಮಾತಿನಂತೆ ಖಿನ್ನರ ಕನಸುಗಳಲ್ಲಿ ಆ ಕೋಪವನ್ನು ಹುಡುಕಹೊರಟು, ಅದರ ಬದಲು ಸೋಲು ಮತ್ತು ನಷ್ಟದ ಚಿತ್ರಗಳನ್ನೇ ಕಂಡರು. ಅಲ್ಲಿಂದ ಬೆಳೆದ ವಿಧಾನದ ಇಂದಿನ ರೂಪ ಸಿಬಿಟಿ, ಅಂದರೆ ಅರಿವು-ವರ್ತನಾ ಚಿಕಿತ್ಸೆ. "ನನ್ನಿಂದ ಏನೂ ಆಗುವುದಿಲ್ಲ" ಎಂಬ ಆಲೋಚನೆ ಥಟ್ಟನೆ ಬಂದಾಗ ಅದನ್ನು ಬರೆದಿಟ್ಟು, ಅದರ ಪರವಾಗಿ ಯಾವ ಸಾಕ್ಷ್ಯವಿದೆ, ವಿರುದ್ಧವಾಗಿ ಯಾವುದಿದೆ ಎಂದು ಇಬ್ಬರೂ ಕುಳಿತು ಪರಿಶೀಲಿಸುತ್ತಾರೆ. ಮನೆಯಲ್ಲಿ ಮಾಡಿಬರಲು ಅಭ್ಯಾಸಗಳೂ ಇರುತ್ತವೆ. ಮನೋವಿಶ್ಲೇಷಣೆಯಲ್ಲಾದರೋ ಮನಸ್ಸಿಗೆ ಬಂದದ್ದನ್ನೆಲ್ಲ ತಡೆಯಿಲ್ಲದೆ ನುಡಿಯುವುದು, ಹಳೆಯ ಸಂಬಂಧಗಳ ಭಾವಗಳು ಚಿಕಿತ್ಸಕರ ಮೇಲೆ ವರ್ಗವಾಗುವುದನ್ನು ಗುರುತಿಸುವುದು ಮುಖ್ಯ. ಅದು ದೀರ್ಘಕಾಲದ ಕೆಲಸ, ನಮ್ಮ ತುರ್ತಿಗೆ ಒದಗುವಂಥದ್ದಲ್ಲ.

ತಂಗಿಗೆ ನೆರವಾದದ್ದು ಸಿಬಿಟಿಯ ಬಳಗಕ್ಕೇ ಸೇರಿದ, 'ಒಡ್ಡುವಿಕೆ ಮತ್ತು ಪ್ರತಿಕ್ರಿಯೆಯ ತಡೆ' ಎಂಬ ವಿಧಾನ. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಇದರ ಆರಂಭದ ರೂಪವನ್ನು ವರದಿ ಮಾಡಿದ್ದರು. ಎರಡನೆಯ ಚಿಕಿತ್ಸಕಿ ಅವಳಿಂದ ಭಯಗಳ ಪಟ್ಟಿ ಬರೆಸಿ, ಪ್ರತಿಯೊಂದಕ್ಕೂ 0ಯಿಂದ 100ರವರೆಗೆ ಅಂಕ ಹಾಕಿಸಿದರು. ಬಾಗಿಲ ಚಿಲಕಕ್ಕೆ 30, ಬಸ್ಸಿನ ಹಿಡಿಕೆಗೆ 70. ಕಡಿಮೆ ಅಂಕದ್ದನ್ನು ಮುಟ್ಟಿ ತೊಳೆಯದೆ ಕುಳಿತುಕೊಳ್ಳಬೇಕು. ಏರಿದ ಆತಂಕ ತೊಳೆಯದೆಯೂ ಸಹಿಸಬಹುದಾದದ್ದು, ಕ್ರಮೇಣ ತಾನಾಗಿ ಇಳಿಯಬಲ್ಲದ್ದು ಎಂಬುದನ್ನು ಮೈಯೇ ಕಲಿಯಬೇಕು. ಜೊತೆಗೆ ಮನೋವೈದ್ಯರು ಕೊಟ್ಟ ಮಾತ್ರೆಗಳೂ ಇದ್ದವು.

ನಮ್ಮನ್ನು ಬೆಚ್ಚಿಸಿದ್ದು ಅಮ್ಮನಿಗೆ ಸಿಕ್ಕ ಸೂಚನೆ: "ಏನೂ ಆಗುವುದಿಲ್ಲ ಎಂದು ಇನ್ನು ಹೇಳಬೇಡಿ." ಆ ಸಾಂತ್ವನವೂ ಕೈತೊಳೆಯುವುದರಂತೆ ಕ್ಷಣಕಾಲದ ನಿರಾಳ ಕೊಟ್ಟು ಗೀಳನ್ನು ಪೋಷಿಸುತ್ತಿತ್ತಂತೆ. ಪ್ರೀತಿಯಿಂದ ಆಡಿದ ಮಾತೇ ರೋಗದ ಕೈಗೆ ಸಿಕ್ಕಿತ್ತೆಂದು ತಿಳಿದ ದಿನ ಅಮ್ಮ ಬಹಳ ಅತ್ತರು. ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವುದು ನಮ್ಮ ದೇಶಕ್ಕೆ ಹೊಸತಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿಯೇ ರೋಗಿಗಳ ಕುಟುಂಬದವರನ್ನು ಆವರಣದ ಡೇರೆಗಳಲ್ಲಿ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬ ಚಿಕಿತ್ಸೆಗೆ ದೀರ್ಘ ಪರಂಪರೆಯಿದೆ.

ಎಲ್ಲ ವಿಧಾನಗಳೂ ಒಂದೇ, ಸಂಬಂಧ ಚೆನ್ನಾಗಿದ್ದರೆ ಸಾಕು ಎನ್ನುವವರಿದ್ದಾರೆ. ಅರ್ಧವನ್ನು ಒಪ್ಪುತ್ತೇನೆ: ನಂಬಿಕೆ ಇರದಿದ್ದರೆ ತಂಗಿ ಆ ಹಿಡಿಕೆಯನ್ನು ಮುಟ್ಟುತ್ತಲೇ ಇರಲಿಲ್ಲ. ಆದರೆ ಮೊದಲನೆಯವರ ಮೇಲೂ ಅವಳಿಗೆ ನಂಬಿಕೆಯಿತ್ತು. ಆದ್ದರಿಂದ ಪರಿಚಯದವರು ವಿಚಾರಿಸಿದಾಗ, ಮೊದಲ ಭೇಟಿಯಲ್ಲೇ ಎರಡು ಪ್ರಶ್ನೆ ಕೇಳಿರೆಂದು ಹೇಳುತ್ತೇನೆ: ಈ ತೊಂದರೆಗೆ ಯಾವ ವಿಧಾನ ಬಳಸುತ್ತೀರಿ, ಮತ್ತು ಮನೆಯಲ್ಲಿ ನಾವು ಏನು ಮಾಡಬೇಕು, ಏನನ್ನು ಬಿಡಬೇಕು? ಎಲ್ಲಿಗೆ ಹೋಗಬೇಕೆಂದೇ ತೋಚದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಲು ಅವಕಾಶವಿದೆ.